ಕರಿಬಸಪ್ಪನವರ ಬೀರು ಬಾಗಿಲು

ಎಲ್ಲರಿಗೂ ಶರಣು. — ಮೈಕ್ ಕೇಳಿಸ್ತಿದೆಯಾ? ಹಿಂದೆ ಬಾಗಿಲ ಹತ್ರ ನಿಂತಿರೋರು ಸ್ವಲ್ಪ ಕೈ ಎತ್ತಿ. ಹಾಂ, ಸರಿ.

ನಾನು ನಮಸ್ಕಾರ ಅನ್ನೋನು. ಶರಣು ಅಂತಿದ್ದಿದ್ದು ಕರಿಬಸಪ್ಪನವರು. ಬೆಳಗ್ಗೆ ಹತ್ತಕ್ಕೆ ಕೈ ನಡುಗಿಸ್ಕೊಂಡು ಬರ್ತಿದ್ದ ಮೊದಲ ಗಿರಾಕಿಗೂ ಶರಣು, ಚೆಕಿಂಗಿಗೆ ಬರ್ತಿದ್ದ ಅಬಕಾರಿ ಸಾಹೇಬ್ರಿಗೂ ಅದೇ ಶರಣು. ಇವತ್ತೊಂದಿನ ಅವರ ಮಾತಲ್ಲೇ ಶುರು ಮಾಡ್ತೀನಿ.

ಮುಂದಿನ ಸಾಲಲ್ಲಿ ಕೂತಿರೋ ಅವರ ಮನೆಯವರು ಮಹಾದೇವಕ್ಕ, ಮಗಳು ಸ್ಫೂರ್ತಿ, ನಮ್ಮ ಅಂಗಡಿ ಮಾಲೀಕರಾದ ಪರಮಾನಂದ ಸಾರ್, ಅಪಾರ್ಟ್‌ಮೆಂಟ್ ಸಂಘದ ಮಲ್ಲಿಕ್ ಸಾರ್, ಶಿಫ್ಟ್ ಮುಗಿಸಿ ಮನೆಗೂ ಹೋಗದೆ ನೇರ ಇಲ್ಲಿಗೇ ಬಂದಿರೋ ಅಣ್ಣಂದಿರು, ಗಾರ್ಮೆಂಟ್ಸ್‌ಗೆ ಅರ್ಧ ದಿನ ರಜೆ ಹಾಕಿರೋ ಅಕ್ಕಂದಿರು — ನಿಮ್ಮೆಲ್ಲರಿಗೂ ಅಂಗಡಿ ಪರವಾಗಿ ಕೈ ಮುಗೀತೀನಿ. ನಾನು ಬಾಲಾಜಿ. ಹದಿನೇಳು ವರ್ಷ ಕರಿಬಸಪ್ಪನವರ ಎಡಗಡೆ ನಿಂತು ಬಾಟ್ಲಿ ಎತ್ತಿ ಕೊಟ್ಟೋನು. ಭಾಷಣ ಮಾಡಿ ಗೊತ್ತಿಲ್ಲ, ಕೌಂಟರಲ್ಲಿ ಮಾತಾಡಿ ಗೊತ್ತು. ಹೆಚ್ಚು ಕಮ್ಮಿ ಆದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ಈ ಬ್ಯಾನರ್ ನೋಡಿದ್ರಲ್ಲ. ಮಾಡಿಸಕ್ಕೆ ಹೋದಾಗ ಪ್ರಿಂಟಿಂಗ್ ಅಂಗಡಿಯೋನು ಕೇಳ್ದ, ಲಿಂಗೈಕ್ಯ ಶ್ರೀ ಕರಿಬಸಪ್ಪ ಅಂತ ಹಾಕಿದೀನಿ, ಕೆಳಗೆ ಏನು ಹಾಕ್ಲಿ ಅಂತ. ವೈನ್ಸ್ ಶಾಪ್ ಕ್ಯಾಷಿಯರ್ ಅಂತ ಹಾಕಪ್ಪಾ ಅಂದೆ. ಅವನಿಗೆ ಮುಜುಗರ. ಸಮಾಜ ಸೇವಕರು ಅಂತ ಹಾಕೋಣ ಸಾರ್, ಎಲ್ಲರೂ ಹಾಕಿಸ್ತಾರೆ ಅಂದ. ಬೇಡ ಅಂದೆ. ಇಪ್ಪತ್ತೈದು ವರ್ಷ ಹಗಲೊತ್ತಲ್ಲಿ, ಎಲ್ಲರ ಕಣ್ಮುಂದೆ, ವಿಭೂತಿ ಹಚ್ಕೊಂಡು ಆ ಸ್ಟೂಲ್ ಮೇಲೆ ಕೂತಿದ್ದೋರಿಗೆ ಸತ್ತ ಮೇಲೆ ಯಾಕೆ ಮುಚ್ಚುಮರೆ? ನೋಡಿ, ಹಾಗೇ ಹಾಕಿದಾನೆ. ಅಕ್ಷರ ಮಾತ್ರ ಸ್ವಲ್ಪ ಸಣ್ಣದು ಮಾಡಿದಾನೆ.

ಹನ್ನೊಂದು ದಿನದ ಹಿಂದೆ, ಸೋಮವಾರ ಬೆಳಗ್ಗೆ, ಸ್ನಾನ ಮಾಡಿ, ಪೂಜೆ ಮುಗಿಸಿ, ಟೀ ಕೇಳಿದ್ರಂತೆ. ಟೀ ಬರೋಷ್ಟರಲ್ಲಿ ಹೋಗ್ಬಿಟ್ಟಿದ್ರು. ಅರವತ್ತೆರಡು ವರ್ಷ. ಇನ್ನೂ ಇರಬೇಕಿತ್ತು, ಅದು ಬೇರೆ ಮಾತು. ಆದ್ರೆ ಒಂದು ದಿನ ಹಾಸಿಗೆ ಹಿಡೀಲಿಲ್ಲ, ಒಬ್ಬರ ಕೈಲಿ ಒಂದು ಮಾತು ಅನ್ನಿಸ್ಕೊಳ್ಲಿಲ್ಲ. ನನಗೆ ದುಃಖ ಇದೆ, ಇಲ್ಲ ಅಂದ್ರೆ ಸುಳ್ಳಾಗತ್ತೆ. ಆದ್ರೆ ಊಟ ಸೇರದಂಥ ದುಃಖ ಅಲ್ಲ ಇದು. ಇಂಥೋರ ಪಕ್ಕದಲ್ಲಿ ಇಷ್ಟು ವರ್ಷ ನಿಂತಿದ್ನಲ್ಲ ಅಂತ ಒಂದು ತೃಪ್ತಿನೂ ಇದೆ.

ಈ ಹನ್ನೊಂದು ದಿನದಲ್ಲಿ ನೀವೆಲ್ಲ ನನ್ನ ಎರಡೇ ಪ್ರಶ್ನೆ ಕೇಳಿದೀರಿ. ಒಂದು, ಇವತ್ತು ಒಳಗೆ ಬರ್ತಾ ಬರ್ತಾ ಕೇಳಿದ್ದು — ಹಾರ ಹಾಕಿರೋ ಫೋಟೋ ಯಾಕೆ ಇಷ್ಟು ಹಳೇದು, ಮುಖದ ಗುರುತೇ ಸಿಗಲ್ಲ, ಬೇರೆ ಒಳ್ಳೇದು ಇರ್ಲಿಲ್ವಾ ಅಂತ. ಇನ್ನೊಂದು, ಮಣ್ಣು ಮಾಡಿ ವಾಪಸ್ ಬರೋವಾಗಲೇ ಅಕ್ಕಂದಿರು ನನ್ನ ಕೈ ಹಿಡ್ಕೊಂಡು ಕೇಳಿದ್ದು — ಬಾಲಾಜಿ ಅಣ್ಣ, ಇನ್ಮೇಲೆ ಬೀರು ಬಾಗಿಲು ಏನಾಗತ್ತೆ ಅಂತ. ಎರಡಕ್ಕೂ ಉತ್ತರ ಹೇಳಿಯೇ ಇಲ್ಲಿಂದ ಇಳೀತೀನಿ. ಬೀರು ಬಾಗಿಲು ಅಂದ್ರೇನು ಅಂತ ಗೊತ್ತಿಲ್ದೋರು ಸ್ವಲ್ಪ ತಾಳ್ಕೊಳ್ಳಿ.

ಮೊದಲು ನಮ್ಮ ಅಂಗಡಿ ವಿಷಯ. ಒಂದು ಎಣ್ಣೆ ಅಂಗಡಿಯಿಂದ ಬೀದಿಗೆ ಏನ್ರೀ ಉಪಕಾರ ಅಂತ ಹಾಲ್ ಬುಕ್ ಮಾಡಕ್ಕೆ ಹೋದಾಗ ಒಬ್ರು ಕೇಳಿದ್ರು. ನಾವು ಮಾರೋದು ಹಾಲಲ್ಲ, ಅದು ನನಗೂ ಗೊತ್ತು, ಕರಿಬಸಪ್ಪನವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಆದ್ರೆ ಕೇಳಿ. ಪೀಣ್ಯದಲ್ಲಿ ರೂಮ್ ಬದಲಾಯಿಸದ ಮನೆ ಯಾವುದಿದೆ? ಹನ್ನೊಂದು ತಿಂಗಳಾಯ್ತು, ಬಾಡಿಗೆ ಜಾಸ್ತಿ ಮಾಡಿದ್ರು, ಗಂಟು ಕಟ್ಟು. ಸಾಮಾನು ತುಂಬಕ್ಕೆ ಡಬ್ಬ ಎಲ್ಲಿಂದ? ನಮ್ಮ ಅಂಗಡಿಯಿಂದ. ಗುಜರಿಯೋನು ಗಾಡಿ ತಗೊಂಡು ಬಂದ್ರೆ ಕರಿಬಸಪ್ಪನವರು, ನಾಳೆ ಬಾರಪ್ಪ, ಇವತ್ತು ಯಾರೋ ಮನೆ ಖಾಲಿ ಮಾಡ್ತಿದಾರೆ ಅಂತ ವಾಪಸ್ ಕಳಿಸ್ತಿದ್ರು. ರಟ್ಟಿನ ಡಬ್ಬಗಳನ್ನ ಮಡಚಿ, ದಾರ ಕಟ್ಟಿ, ಗೋಡೆಗೆ ಒರಗಿಸಿ ಇಡ್ತಿದ್ರು. ಒಳಗಡೆ ಹನ್ನೆರಡು ಖಾನೆ ಇರತ್ತಲ್ಲ, ಅದನ್ನ ಕಿತ್ತು ಬಿಸಾಕಬೇಡಿ, ಗಾಜಿನ ಲೋಟ ಇಡಕ್ಕೆ ಬರತ್ತೆ ಅಂತ ಬುದ್ಧಿ ಬೇರೆ.

ಮಲ್ಲಿಕ್ ಸಾರ್, ತಲೆ ಬಗ್ಗಿಸ್ಕೋಬೇಡಿ, ಹೇಳ್ತೀನಿ. ನಮ್ಮ ಅಂಗಡಿ ಎತ್ತಿಸಬೇಕು ಅಂತ ಅರ್ಜಿ ಬರೆದಾಗ ಮೊದಲ ಸೈನ್ ಸಾರ್‌ದೇ. ಅದೇ ವರ್ಷ ಬಿ ಬ್ಲಾಕಿಂದ ಡಿ ಬ್ಲಾಕಿಗೆ ಮನೆ ಬದಲಾಯಿಸಿದ್ರು. ಮೇಡಂ ಡಬ್ಬಕ್ಕೆ ಹೇಳಿ ಕಳಿಸಿದ್ರು, ಕರಿಬಸಪ್ಪನವರು ಗಟ್ಟಿಯಾಗಿರೋವೇ ಆರಿಸಿ ಕೊಟ್ರು. ಗೃಹಪ್ರವೇಶದ ದಿನ ಸಾರ್ ಅವರ ಮಾವನವರು ದಾವಣಗೆರೆಯಿಂದ ಬಂದು ಬಾಗಿಲಲ್ಲಿ ನಿಂತಿದಾರೆ. ಪೂಜೆ ಸಾಮಾನು, ವಚನದ ಪುಸ್ತಕ ಎಲ್ಲ ಒಳಗೆ ಬಂತು — ರಮ್ ಡಬ್ಬದಲ್ಲಿ. ಮಾವನವರು ಡಬ್ಬ ನೋಡಿದ್ರು, ಅಳಿಯನ್ನ ನೋಡಿದ್ರು. ಸಾರ್ ಓಡಿ ಬಂದ್ರು ನಮ್ಮ ಅಂಗಡಿಗೆ, ಇದು ಬರೀ ಡಬ್ಬ ಅಂತ ನೀವೇ ಬಂದು ಹೇಳಿ ಅಂತ. ಕರಿಬಸಪ್ಪನವರು ಹೋಗಿ, ಶರಣು ಅಂತ ಕೈ ಮುಗಿದು ಹೇಳಿ, ಪಾಯಸ ತಿಂದು ಬಂದ್ರು. ಆಮೇಲೆ ಸಾರ್ ಆ ಅರ್ಜಿ ವಿಷಯ ಎತ್ತಲಿಲ್ಲ.

ನಗಬಹುದು, ಪರವಾಗಿಲ್ಲ. ಅವರಿಗೆ ನಗೋರನ್ನ ಕಂಡ್ರೆ ಇಷ್ಟ.

ಅವರದ್ದು ಇನ್ನೊಂದು ಪದ್ಧತಿ ಇತ್ತು. ಮಗು ಕೈ ಹಿಡ್ಕೊಂಡು ಬಂದೋರಿಗೆ ಕೊಡ್ತಿರ್ಲಿಲ್ಲ. ವಾದ ಇಲ್ಲ, ಜಗಳ ಇಲ್ಲ. ಮಗುನ ಮನೇಲಿ ಬಿಟ್ಟು ಬಾರಪ್ಪ ಅಷ್ಟೇ. ಮನೆಗೆ ಹೋದೋರಲ್ಲಿ ಅರ್ಧ ಜನ ವಾಪಸ್ ಬರ್ತಿರ್ಲಿಲ್ಲ, ಹೆಂಡ್ತಿ ಕೈಗೆ ಸಿಕ್ಕಿರ್ತಿದ್ರು. ವ್ಯಾಪಾರ ಹೋಯ್ತಲ್ಲ ಅಣ್ಣಾ ಅಂತ ನಾನು ಅಂದ್ರೆ, ನಾಳೆ ಬರ್ತಾನೆ ಬಿಡು, ಇವತ್ತು ಒಂದಿನ ಮನೇಲಿ ಉಣ್ಲಿ ಅಂತಿದ್ರು. ಪರಮಾನಂದ ಸಾರ್, ನಿಮಗಿದು ಗೊತ್ತಿತ್ತೋ ಇಲ್ವೋ. — ಗೊತ್ತಿತ್ತಂತೆ.

ಇನ್ನು ಬೆಳಗಿನ ಆ ಒಂದು ನಿಮಿಷ. ಹತ್ತು ಗಂಟೆಗೆ ಅಂಗಡಿ ತೆಗೀಬೇಕು, ಕಾನೂನು. ಒಂಬತ್ತು ಐವತ್ತೊಂಬತ್ತಕ್ಕೆ ಕರಿಬಸಪ್ಪನವರು ಬೀಗ ತೆಗೆದು, ಶಟರ್ ಮೇಲೆ ಕೈ ಇಟ್ಟು, ಸುಮ್ನೆ ನಿಂತ್ಕೊಳ್ಳೋರು. ಹಿಂದೆ ಎಂಟು ಹತ್ತು ಜನ ಕಾಯ್ತಿರ್ತಾರೆ, ಬೇಗ ತೆಗೀರಿ ಅಜ್ಜಾ, ಅಬಕಾರಿಯೋರು ಯಾರೂ ಇಲ್ಲ ಅಂತಾರೆ. ಉಹುಂ. ಒಂದು ನಿಮಿಷ ಪೂರ್ತಿ ಆಗಬೇಕು. ಆಮೇಲೆ ನನ್ನ ಕಡೆ ತಿರುಗಿ — ಬಾಲಾಜಿ, ಎತ್ತು. ಹದಿನೇಳು ವರ್ಷ ಇದನ್ನ ನೋಡಿದೀನಿ. ಕಾನೂನಿಗೆ ಅಷ್ಟು ಹೆದರ್ತಾರಪ್ಪ ಅಂದ್ಕೊಂಡಿದ್ದೆ. ಎಷ್ಟು ಸಲ ಬೆನ್ನ ಹಿಂದೆ ನಕ್ಕಿದೀನಿ.

ಈಗ ಬೀರು ಬಾಗಿಲು. ಕೌಂಟರ್ ಹಿಂದೆ ಒಂದು ಹಳೇ ಮರದ ಬೀರು ಇದೆ, ಕಮ್ಮಿ ರೇಟಿನ ಕ್ವಾರ್ಟರ್‌ಗಳೆಲ್ಲ ಅದರಲ್ಲೇ. ಅದರ ಬಾಗಿಲು ತೆಗೆದ್ರೆ ಒಳಗಡೆ ಪಾಸ್‌ಪೋರ್ಟ್ ಸೈಜ್ ಫೋಟೋಗಳು ಅಂಟಿಸಿದಾವೆ. ನಲವತ್ತೊಂದು. ನಮ್ಮ ಕಡೆ ಫ್ಯಾಕ್ಟರಿ ಗೇಟ್ ಪಾಸಿಗೆ, ಇಎಸ್ಐಗೆ, ಗ್ಯಾಸಿಗೆ, ಬ್ಯಾಂಕಿಗೆ ಎಲ್ಲಕ್ಕೂ ಫೋಟೋ ಕೊಡಬೇಕಲ್ಲ. ಸ್ಟುಡಿಯೋದಲ್ಲಿ ಒಂದು ಸಲಕ್ಕೆ ಎಂಟು ಕೊಡ್ತಾರೆ, ಒಂದೆರಡು ಉಳಿದೇ ಉಳಿಯತ್ತೆ. ಹಾಗೆ ಉಳಿದ ಫೋಟೋ ಅವು. ಯಾರ ಫೋಟೋ ಆ ಬಾಗಿಲ ಮೇಲಿದೆಯೋ ಅವರಿಗೆ ನಮ್ಮ ಕೌಂಟರಲ್ಲಿ ಕೊಡಲ್ಲ. ಕಾಲಿಗೆ ಬಿದ್ರೂ ಇಲ್ಲ, ಬೈದ್ರೂ ಇಲ್ಲ. ಬೀರು ಬಾಗಿಲು ತೆಗೆದ್ರೆ ತಾನೇ ಕ್ವಾರ್ಟರ್ ಸಿಗೋದು? ತೆಗೆದಾಗೆಲ್ಲ ಆ ಮುಖಗಳು ನಮ್ಮನ್ನೇ ನೋಡ್ತಿರ್ತವೆ, ಮರೆಯೋ ಹಾಗೇ ಇಲ್ಲ.

ಒಂದು ಸಲ ಹೊಸ ಅಬಕಾರಿ ಸಾಹೇಬ್ರು ಬಂದು ಬೀರು ತೆಗೆಸಿ ಗಾಬರಿ ಆದ್ರು. ಯಾರ್ರೀ ಇವರೆಲ್ಲ, ಕಳ್ಳರಾ ಅಂದ್ರು. ಇಲ್ಲ ಸಾಹೇಬ್ರೆ, ನಮ್ಮ ಗಿರಾಕಿಗಳು ಅಂದ್ರು ಕರಿಬಸಪ್ಪನವರು.

ಫೋಟೋ ತಗೊಳ್ಳೋಕೂ ಒಂದು ನಿಯಮ. ಹೆಂಡ್ತಿ ತಂದ್ರೆ ತಗೊಳ್ತಿರ್ಲಿಲ್ಲ, ಅಮ್ಮ ತಂದ್ರೂ ಇಲ್ಲ. ಕುಡಿಯೋನೇ ತನ್ನ ಕೈಯಾರೆ ತಂದು ಕೊಡಬೇಕು. ನಲವತ್ತೊಂದರಲ್ಲಿ ನಲವತ್ತು ಹಾಗೇ ಬಂದಿದ್ದು. ಎಲ್ಲಕ್ಕಿಂತ ಮೇಲೆ, ಬಣ್ಣ ಹೋಗಿ ಹಳದಿ ಆಗಿದ್ದ ಒಂದು ಫೋಟೋ ಮಾತ್ರ ನಾನು ಕೆಲಸಕ್ಕೆ ಸೇರೋ ಮೊದಲೇ ಇತ್ತು. ಯಾರಣ್ಣ ಇವನು ಅಂತ ಕೇಳಿದ್ದಕ್ಕೆ ಅವರು ಹೇಳಿದ್ದು ನನಗೆ ಈಗಲೂ ಕಿವೀಲಿದೆ.

'ಅವನಿಗೆ ಮಾತ್ರ ಯಾವ ಕಾರಣಕ್ಕೂ ಕೊಡ್ಬೇಡ ಬಾಲಾಜಿ. ನಾನೇ ಕೊಡು ಅಂದ್ರೂ ಕೊಡ್ಬೇಡ.'

ಸರಿ ಅಂದೆ. ಯಾರೋ ಜಗಳಗಂಟ ಇರಬೇಕು ಅಂದ್ಕೊಂಡೆ.

ಆ ಅರ್ಜಿ ಹೇಳಿದ್ನಲ್ಲ, ಅದಕ್ಕೆ ಅಪಾರ್ಟ್‌ಮೆಂಟಿನೋರು ಮಾತ್ರ ಅಲ್ಲ, ವಠಾರದ ಹೆಂಗಸರೂ ಸೈನ್ ಹಾಕಿದ್ರು. ಮುಂದೆ ನಿಂತಿದ್ದು ಚನ್ನಕ್ಕ. ಅಲ್ಲಿದಾರೆ ನೋಡಿ, ಹಸಿರು ಸೀರೆ. ಬಾಗಲಕೋಟೆ ಕಡೆಯೋರು, ಗಂಡ ಭೀಮಪ್ಪ ಪೌಡರ್ ಕೋಟಿಂಗ್ ಫ್ಯಾಕ್ಟರೀಲಿ. ಚನ್ನಕ್ಕ ಅರ್ಜಿ ಕೊಟ್ಟು ಸುಮ್ನೆ ಇರ್ಲಿಲ್ಲ, ನೇರ ಕೌಂಟರಿಗೇ ಬಂದ್ರು. ಗಂಡಸರೆಲ್ಲ ಸರಿದು ದಾರಿ ಬಿಟ್ರು. 'ಅಣ್ಣಾರ, ಅರ್ಜಿ ಕೊಟ್ಟಾಕಿ ನಾನ. ನಿಮ್ಮ ಅಂಗಡಿ ಇಲ್ಲಿಂದ ಹೋದ್ರ ನನ್ನ ಮನಿ ಉಳೀತದ' ಅಂದ್ರು. ಅಕ್ಕ ಅಳ್ತಿರ್ಲಿಲ್ಲ, ಬೈತಿರ್ಲಿಲ್ಲ. ಹೇಳ್ಬೇಕಾಗಿತ್ತು, ಹೇಳಿದ್ರು.

ಕರಿಬಸಪ್ಪನವರು ಸ್ಟೂಲಿಂದ ಎದ್ದು ನಿಂತು ಮಾತಾಡಿದ್ರು. 'ತಂಗಿ, ಬೇಕಾದ್ರೆ ನಾಳೆನೇ ಹೋಗ್ಲಿ ಈ ಅಂಗಡಿ. ಆದ್ರೆ ತುಮಕೂರು ರಸ್ತೆ ದಾಟಿದ್ರೆ ಮೂರು ಅಂಗಡಿ ಇದಾವೆ. ಅಲ್ಲಿ ಭೀಮಪ್ಪ ಯಾರ ಗಂಡ ಅಂತ ಯಾರಿಗೂ ಗೊತ್ತಿಲ್ಲ. ಇಲ್ಲಿ ನನಗೆ ಗೊತ್ತು.' ಆಮೇಲೆ ಬೀರು ಬಾಗಿಲು ತೆಗೆದು ತೋರಿಸಿದ್ರು. ಅವನಾಗೇ ತರೋ ದಿನ ತರ್ಲಿ, ನೀನು ತಳ್ಳಬೇಡ ಅಂತ ಹೇಳಿ ಕಳಿಸಿದ್ರು.

ಮೂರು ತಿಂಗಳು ಹಿಡೀತು. ಒಂದು ಭಾನುವಾರ ಭೀಮಪ್ಪ ಬಂದು ಫೋಟೋನ ಮಗುಚಿ ಹಾಕಿ ಕೌಂಟರ್ ಮೇಲಿಟ್ಟ. ಎಲ್ಲೂ ಕುಡಿಯಲ್ವಾ, ಇಲ್ಲಿ ಮಾತ್ರ ಕುಡಿಯಲ್ವಾ ಅಂತ ಕೇಳಿದ್ರೆ, ಇಲ್ಲಿ ಕುಡಿಯಂಗಿಲ್ರಿ, ಉಳಿದದ್ದು ಆಮ್ಯಾಲೆ ನೋಡೂಣು ಅಂದ. ಕರಿಬಸಪ್ಪನವರು ನಕ್ಕು, ಸಾಕು, ಇಷ್ಟು ನಿಜ ಹೇಳಿದ್ಯಲ್ಲ ಅಂತ ಗೋಂದು ಹಚ್ಚಿದ್ರು.

ಮೊದಮೊದಲು ಹೈವೇ ದಾಟಿ ಹೋಗ್ತಿದ್ದ, ನನಗೆ ಗೊತ್ತು. ಹೋಗಿ ಬರೋಕೆ ಒಂದು ಗಂಟೆ ನಡಿಗೆ. ದಿನಾ ಹೋಗೋನು ವಾರಕ್ಕೊಂದು ಸಲ ಆದ, ಆಮೇಲೆ ಅದೂ ನಿಂತೋಯ್ತು. ಚನ್ನಕ್ಕ ಅಬಕಾರಿ ಆಫೀಸಿಗೆ ಹೋಗಿ ಹೆಂಗಸರ ಸೈನ್ ವಾಪಸ್ ತಗೊಂಡ್ರು. ಅಂಗಡಿ ಬೇಕು ಅಂತಲ್ಲ. ಆ ಬಾಗಿಲು ಬೇಕು ಅಂತ.

ಇನ್ನು ನನ್ನ ತಪ್ಪು. ಇದನ್ನ ಹೇಳ್ದೆ ಇಳಿದ್ರೆ ಅವರ ಮುಂದೆ ನಿಂತಿದ್ದಕ್ಕೆ ಅರ್ಥ ಇಲ್ಲ.

ಲಾಕ್‌ಡೌನಲ್ಲಿ ನಲವತ್ತು ದಿನ ಮುಚ್ಚಿದ್ವಲ್ಲ, ಆಮೇಲೆ ತೆಗೆದ ಮೊದಲ ದಿನ. ಕ್ಯೂ ನಮ್ಮ ಅಂಗಡಿಯಿಂದ ಹಿಡಿದು ನೀರಿನ ಟ್ಯಾಂಕ್ ತನಕ. ಎಲ್ಲರ ಮುಖಕ್ಕೂ ಮಾಸ್ಕು, ಟವೆಲು, ಕರ್ಚೀಫು. ಬೀರು ಬಾಗಿಲಲ್ಲಿ ಪೂರ್ತಿ ಮುಖ ಇದೆ, ಎದುರಿಗೆ ಬರೀ ಕಣ್ಣು. ನಾನು ತಲೆ ಎತ್ತದೆ ಕೊಡ್ತಾ ಹೋದೆ. ಆ ಅವಸರದಲ್ಲಿ ಟವೆಲ್ ಕಟ್ಕೊಂಡಿದ್ದ ಒಬ್ಬನಿಗೆ ಒಂದು ಕ್ವಾರ್ಟರ್ ಕೊಟ್ಟೆ. ಹೋದ.

ಎರಡು ಗಂಟೆ ಆದ್ಮೇಲೆ ಅದೇ ಟವೆಲ್ ಮತ್ತೆ ಬಂತು. ಮತ್ತೆ ಕ್ಯೂನಲ್ಲಿ ನಿಂತು, ಬಿಸಿಲಲ್ಲಿ ಎರಡು ಗಂಟೆ ಕಾದು ಬಂದಿದಾನೆ. ಬಾಟ್ಲಿನ ಕೌಂಟರ್ ಮೇಲಿಟ್ಟ. ಸೀಲ್ ಒಡೆದಿರ್ಲಿಲ್ಲ. ಟವೆಲ್ ಇಳಿಸಿದ.

'ಬಾಲಾಜಿ ಅಣ್ಣಾ, ನನಗ್ಯಾಕ ಕೊಟ್ಟಿ? ಬಾಗಿಲದಾಗ ನನ್ನ ಫೋಟೋ ಐತಲ್ಲ.'

ಭೀಮಪ್ಪ. ಕೆಲಸ ನಿಂತಿತ್ತು, ಊರಿಗೆ ಹೋಗಕ್ಕೆ ಬಸ್ ಇರ್ಲಿಲ್ಲ, ಹತ್ತಡಿ ರೂಮಲ್ಲಿ ನಲವತ್ತು ದಿನ ಕೂತಿದ್ದ ಮನುಷ್ಯ. ಆಸೆ ಆಗಿದೆ, ಬಂದಿದಾನೆ. ನಾನು ಕೊಡಲ್ಲ ಅಂತ ಒಳಗೊಳಗೆ ನಂಬ್ಕೊಂಡೇ ಬಂದಿದ್ನೇನೋ, ಕೊಟ್ಬಿಟ್ಟೆ ನಾನು. ನನಗೆ ಭೂಮಿ ಬಾಯಿ ಬಿಡಬಾರ್ದಾ ಅನ್ನಿಸ್ತು.

ಕರಿಬಸಪ್ಪನವರು ನನ್ನ ಬೈಲಿಲ್ಲ. ಆ ಕ್ವಾರ್ಟರ್ ಕೈಗೆ ತಗೊಂಡು ನೋಡಿದ್ರು. 'ಇಷ್ಟು ವರ್ಷ ಈ ಕೌಂಟರಿಂದ ಬಾಟ್ಲಿ ಆ ಕಡೆ ಹೋಗೋದೇ ನೋಡಿದ್ದೆ ಭೀಮಪ್ಪ. ಈ ಕಡೆ ಬಂದಿದ್ದು ಇವತ್ತೇ' ಅಂದ್ರು. ಕಣ್ಣಲ್ಲಿ ನೀರು. ಸ್ಯಾನಿಟೈಸರ್ ಕೈಯಲ್ಲಿ ಕಣ್ಣು ಮುಟ್ಕೊಂಡ್ರು ಅಂದ್ಕೊಂಡೆ ನಾನು, ದಡ್ಡ.

ಆಮೇಲೆ ಭೀಮಪ್ಪನಿಗೆ ಬಾಗಿಲು ಪೂರ್ತಿ ತೆಗೆದು ತೋರಿಸಿದ್ರು. ಅವನು ತನ್ನ ಫೋಟೋ ನೋಡ್ಕೊಂಡ. ಮೇಲಿಂದು ಯಾರ್ರೀ ಅಂದ. 'ಅವನು ನಿನಗಿಂತ ದೊಡ್ಡ ಕುಡುಕ. ಇಪ್ಪತ್ತೊಂದು ವರ್ಷ ಆಯ್ತು, ಇನ್ನೂ ಬಾಗಿಲಿಂದ ಇಳಿದಿಲ್ಲ' ಅಂದ್ರು ಕರಿಬಸಪ್ಪನವರು. ಕ್ಯೂ ಗಲಾಟೆ ಮಾಡ್ತಿತ್ತು, ನಾನು ಕೆಲಸಕ್ಕೆ ತಿರುಗಿದೆ.

ಎಲ್ಲರ ಕಥೆನೂ ಭೀಮಪ್ಪನ ಹಾಗೆ ಅಂತ ಹೇಳಲ್ಲ. ಬಾಗಿಲ ಮೇಲಿಂದ ಫೋಟೋ ಕಿತ್ಕೊಂಡು ಹೋದೋರೂ ಇದಾರೆ. ಅದರಲ್ಲಿ ಒಬ್ಬರು ಈಗ ಇಲ್ಲ. ಅವರ ಹೆಸರು ಬೇಡ. ಆ ಮನೆಗೆ ಕರಿಬಸಪ್ಪನವರು ಹೋಗಿ ಬಂದು ಎರಡು ದಿನ ಅಂಗಡಿಗೆ ಬರಲಿಲ್ಲ. ನಾವು ಮಾರಿದ್ದೇ ಅದು ಅಂತ ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಮೂರನೇ ದಿನ ಬಂದು ಸ್ಟೂಲ್ ಮೇಲೆ ಕೂತ್ರು, ನಾನು ಎದ್ದು ಹೋದ್ರೆ ಇಲ್ಲಿ ಕೂರೋನು ಬಾಗಿಲು ನೋಡ್ತಾನೋ ಇಲ್ವೋ ಅಂತ.

ಈಗ ಮೊದಲ ಪ್ರಶ್ನೆ. ಈ ಫೋಟೋ.

ಮಣ್ಣಾದ ಮಾರನೇ ದಿನ ಸ್ಫೂರ್ತಿ ಅಂಗಡಿಗೆ ಬಂದ್ಲು. ಮನೇಲಿ ಅಪ್ಪಾಜಿದು ಒಂದೂ ಸರಿಯಾದ ಫೋಟೋ ಇಲ್ಲ, ಎಲ್ಲರ ಫೋಟೋ ಅವರೇ ತೆಗೀತಿದ್ರು, ಆಧಾರ್ ಕಾರ್ಡಲ್ಲಿ ಹೆದರಿದ ಹಾಗಿದಾರೆ, ಅಮ್ಮ ಹೇಳಿದ್ರು ಅಂಗಡೀಲಿ ಒಂದಿದೆ ಅಂತ — ಅಂದ್ಲು. ನನಗೆ ಗೊತ್ತಿದ್ದ ಹಾಗೆ ಅಂಗಡೀಲಿ ಅವರ ಫೋಟೋ ಇಲ್ಲ. ಮಹಾದೇವಕ್ಕಂಗೆ ಫೋನ್ ಮಾಡಿದೆ. ಬೀರು ಬಾಗಿಲಲ್ಲಿ ನೋಡು, ಮೇಲಿಂದು ಅಂದ್ರು.

ಬಾಗಿಲು ತೆಗೆದು, ಆ ಹಳದಿ ಫೋಟೋನ ಉಗುರಲ್ಲಿ ಮೆಲ್ಲಗೆ ಬಿಡಿಸಿ ಸ್ಫೂರ್ತಿ ಕೈಗೆ ಕೊಟ್ಟೆ.

ಇದನ್ನ ಸಭೇಲಿ ಹೇಳ್ಲಾ ಅಕ್ಕಾ ಅಂತ ಕೇಳಿದೀನಿ. ಹೇಳು, ಅವರು ನಾಚ್ಕೋತಿದ್ರು, ನನಗೇನು ನಾಚಿಕೆ ಅಂದ್ರು. ಅದಕ್ಕೇ ಹೇಳ್ತಿದೀನಿ. ಕರಿಬಸಪ್ಪನವರು ಹರಿಹರದಿಂದ ಬಂದು ಇಲ್ಲೊಂದು ಫ್ಯಾಕ್ಟರೀಲಿ ಲೇತ್ ಮೆಷಿನ್ ಮೇಲೆ ಟರ್ನರ್ ಆಗಿದ್ರು. ಕುಡಿತಕ್ಕೆ ಕೆಲಸ ಹೋಯ್ತು. ಸ್ಫೂರ್ತಿ ಆಗ ಹೊಟ್ಟೇಲಿ. ಮಹಾದೇವಕ್ಕ ಗೇಟ್ ಪಾಸಿಗೆ ತೆಗೆಸಿದ್ದರಲ್ಲಿ ಉಳಿದಿದ್ದ ಒಂದು ಫೋಟೋ ತಗೊಂಡು ನಮ್ಮ ಅಂಗಡಿಗೆ ಬಂದು ಪರಮಾನಂದ ಸಾರ್ ಕೈಗೆ ಕೊಟ್ಟು, ಇವರಿಗೆ ಮಾತ್ರ ಕೊಡ್ಬೇಡಿ ಸಾರ್ ಅಂತ ಕೇಳ್ಕೊಂಡ್ರು. ಸಾರ್ ಬೀರು ಬಾಗಿಲಿಗೆ ಅಂಟಿಸಿದ್ರು. ಎಂಟು ತಿಂಗಳಾದ್ಮೇಲೆ ಅದೇ ಮನುಷ್ಯ ಬಂದು, ಕುಡಿಯೋದು ಬಿಟ್ಟೆ, ಕೆಲಸ ಇದ್ರೆ ಕೊಡಿ ಅಂದ್ರಂತೆ. ಪರಮಾನಂದ ಸಾರ್ ಅವರನ್ನ ಅದೇ ಬೀರು ಮುಂದೆ ಕೂರಿಸಿದ್ರು. ಎಂಥ ಧೈರ್ಯ ಸಾರ್ ನಿಮ್ಮದು.

ಹೆಂಡ್ತಿ ತಂದ ಫೋಟೋ ಯಾಕೆ ತಗೊಳ್ತಿರ್ಲಿಲ್ಲ ಅಂತ ಅಕ್ಕನ್ನ ಕೇಳಿದೆ. ನಾನು ಕೊಟ್ಟಿದ್ದಕ್ಕೆ ಎಂಟು ತಿಂಗಳು ನನ್ನ ಜೊತೆ ಮಾತು ಬಿಟ್ಟಿದ್ರು, ಅದಕ್ಕೆ ಅಂದ್ರು.

ನೋಡಿ, ಬಲಗಡೆ ಮೂಲೇಲಿ ಸ್ವಲ್ಪ ಹಾರ ಸರಿಸಿ. ಒಂದು ಕಲೆ ಕಾಣ್ತಿದೆಯಾ? ಗೋಂದಿನ ಕಲೆ. ಸ್ಟುಡಿಯೋದೋನು ತೆಗೀತೀನಿ ಅಂದ, ಸ್ಫೂರ್ತಿ ಬೇಡ ಅಂದ್ಲು.

ಎರಡನೇ ಪ್ರಶ್ನೆ. ಮೆಟ್ರೋ ಸ್ಟೇಷನ್ ಹತ್ರ ಗಾಜಿನ ದೊಡ್ಡ ಅಂಗಡಿ ಮಾಡೋರು ನಮ್ಮ ಲೈಸೆನ್ಸ್ ಕೇಳ್ತಿದಾರೆ ಅಂತ ನೀವೆಲ್ಲ ಕೇಳಿದೀರಿ. ಹೌದು, ಕೇಳಿದ್ರು. ಇವತ್ತು ಬೆಳಗ್ಗೆ ಪರಮಾನಂದ ಸಾರ್ ಇಲ್ಲ ಅಂದ್ರು. ಅಂಗಡಿ ಇಲ್ಲೇ ಇರತ್ತೆ. ಬೀರು ಇರತ್ತೆ, ಬಾಗಿಲು ಇರತ್ತೆ. ಸ್ಟೂಲ್ ಮೇಲೆ ನಾನು ಕೂರ್ತೀನಿ. ನನಗೆ ಅವರ ಹಾಗೆ ಮುಖ ನೆನಪಿರಲ್ಲ, ಭೀಮಪ್ಪನಿಗೆ ಗೊತ್ತು. ಒಂದು ಸಲಕ್ಕೆ ಎರಡು ಸಲ ನೋಡ್ತೀನಿ. ಇದನ್ನ ದೊಡ್ಡದು ಮಾಡಿಸಿದ ಮೇಲೆ ಆ ಚಿಕ್ಕ ಫೋಟೋನ ಮಹಾದೇವಕ್ಕ ನನ್ನ ಕೈಗೇ ವಾಪಸ್ ಕೊಟ್ಟಿದಾರೆ, ಎಲ್ಲಿತ್ತೋ ಅಲ್ಲೇ ಅಂಟಿಸು ಅಂತ. ನಾಳೆ ಬೆಳಗ್ಗೆ ಅಂಟಿಸ್ತೀನಿ.

ಇನ್ನೊಂದೇ ಮಾತು. ಶಟರ್ ಮೇಲೆ ಕೈ ಇಟ್ಟು ಯಾಕೆ ನಿಲ್ತಿದ್ರು ಅಂತಲೂ ಅಕ್ಕನ್ನ ಕೇಳಿದೆ. ಕಾನೂನೂ ಅಲ್ಲ, ಅಬಕಾರಿನೂ ಅಲ್ಲ. ಒಳಗಿರೋದನ್ನೆಲ್ಲ ನೆನೆಸ್ಕೊಂಡು, ಇವತ್ತೊಂದಿನ ಬೇಡ ಅಂತ ತಮಗೆ ತಾವೇ ಹೇಳ್ಕೋತಿದ್ರಂತೆ. ಇಪ್ಪತ್ತೈದು ವರ್ಷ, ದಿನಾ ಬೆಳಗ್ಗೆ, ಇವತ್ತೊಂದಿನ ಅಂತ. ನಾನು ಅವರ ಬೆನ್ನ ಹಿಂದೆ ನಿಂತು ನಗ್ತಿದ್ದೆ.

ಇವತ್ತು ನಗಲ್ಲ. ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ಫೋನ್ ಇದ್ರೆ ಸೌಂಡ್ ಆಫ್ ಮಾಡಿ. ಭೀಮಪ್ಪ, ಮುಂದೆ ಬಾರಪ್ಪ, ನನ್ನ ಪಕ್ಕ ನಿಂತ್ಕೋ. ಆ ಒಂದು ನಿಮಿಷ ಅವರು ಒಬ್ಬರೇ ನಿಲ್ತಿದ್ರು, ಇವತ್ತು ಅವರ ಜೊತೆ ನಾವೆಲ್ಲ ನಿಲ್ಲೋಣ. ನಿಮಿಷ ಆಯ್ತು ಅಂತ ಈ ಸಲ ನನಗೆ ಹೇಳೋರಿಲ್ಲ. ನಾನೇ ಗಡಿಯಾರ ನೋಡ್ಕೋತೀನಿ.